ತಂಪು ಬೇರೆ, ಗಾಳಿ ಬೇರೆ

ಏಪ್ರಿಲ್ ಕಾಲಿಟ್ಟರೆ ಯಾದಗಿರಿ, ಶಹಾಪುರ, ಸುರಪುರ ಮೂರೂ ಊರಲ್ಲಿ ಮಧ್ಯಾಹ್ನದ ಮಾತು ಒಂದೇ: ‘ಏನ್ ಬಿಸಲು ಅದರೀ!’ 42 ಡಿಗ್ರಿ ದಾಟುವುದು ನಮಗೆ ಸುದ್ದಿಯೇ ಅಲ್ಲ. ನಾನು ಶಾಲೆಗೆ ಹೋಗುವಾಗ ಎಸಿ ಅಂದರೆ ಬ್ಯಾಂಕಿನಲ್ಲಿ ಇರುವಂಥದ್ದು. ಈಗ ಮೊಬೈಲ್ ಅಂಗಡಿ, ಕೋಚಿಂಗ್ ಕ್ಲಾಸು, ಸ್ಕ್ಯಾನಿಂಗ್ ಸೆಂಟರು, ಬಟ್ಟೆ ಅಂಗಡಿ, ಎಲ್ಲಿ ನೋಡಿದರೂ ಇದೆ. ಒಳ್ಳೆಯದೇ. ಆದರೆ ಎಸಿ ಕೂರಿಸುವ ದಿನವೇ ಇನ್ನೊಂದು ಕೆಲಸವೂ ನಡೆಯುತ್ತದೆ. ತಂಪು ಹೊರಗೆ ಹೋಗಬಾರದೆಂದು ಕಿಟಕಿ, ವೆಂಟಿಲೇಟರ್ ಎಲ್ಲಕ್ಕೂ ಥರ್ಮಾಕೋಲ್ ಬಡಿದು ಟೇಪು ಹಚ್ಚುತ್ತಾರೆ.

ಬೆಂಗಳೂರಿನ ಕಂಪನಿಯ ಕೆಲಸವನ್ನು ನಾನು ಊರಿಂದಲೇ ಮಾಡುವವನು. ಮನೆಯಲ್ಲಿ ಕರೆಂಟು ಕೈಕೊಟ್ಟಾಗ ಯಾದಗಿರಿಯ ಒಂದು ರೀಡಿಂಗ್ ರೂಮಿಗೆ ಹೋಗಿ ಕೂರುತ್ತೇನೆ. ಕೆಎಎಸ್, ಪಿಎಸ್‌ಐ, ಎಫ್‌ಡಿಎ ಅಂತ ಓದುವ ಹುಡುಗ ಹುಡುಗಿಯರೇ ಅಲ್ಲಿ ತುಂಬಾ. ಮಧ್ಯಾಹ್ನ ಮೂರಾದರೆ ಅರ್ಧ ಜನ ಪುಸ್ತಕದ ಮೇಲೆ ತಲೆ ಇಟ್ಟಿರುತ್ತಾರೆ. ‘ಊಟ ಜಾಸ್ತಿ ಆಗ್ತದ್ರೀ ಇವರಿಗೆ’ ಅಂತ ಮಾಲೀಕರ ನಗು. ನನ್ನ ಹತ್ತಿರ ಇಂಗಾಲದ ಡೈಆಕ್ಸೈಡ್ ಅಳೆಯುವ ಪುಟ್ಟ ಮೀಟರ್ ಇತ್ತು, ಒಂದು ದಿನ ಬ್ಯಾಗಿನಲ್ಲಿ ಒಯ್ದೆ. ಹೊರಗಿನ ಗಾಳಿಯಲ್ಲಿ ಅದು ಹತ್ತು ಲಕ್ಷಕ್ಕೆ ಸುಮಾರು 420 ಭಾಗ ಇರುತ್ತದೆ. ಕೋಣೆಯೊಳಗೆ 1000 ದಾಟಿದರೆ ಗಾಳಿ ಹಳಸಿದೆ ಅಂತ ಲೆಕ್ಕ. ಅಲ್ಲಿ 2000 ದಾಟಿತ್ತು.

ಇದು ವಿಷವೇನಲ್ಲ. ಒಬ್ಬರು ಬಿಟ್ಟ ಉಸಿರನ್ನೇ ಇನ್ನೊಬ್ಬರು ಎಳೆಯುತ್ತಿದ್ದೇವೆ ಅನ್ನುವುದಕ್ಕೆ ಇದು ಗುರುತು. ತಲೆಭಾರ, ತೂಕಡಿಕೆ ಅಲ್ಲಿಂದಲೇ ಶುರು. ಒಬ್ಬನಿಗೆ ನೆಗಡಿ ಆದರೆ ವಾರದಲ್ಲಿ ಸಾಲಿಗೆಲ್ಲ ಹಬ್ಬುವುದಕ್ಕೂ ಇಂಥ ಗಾಳಿ ದಾರಿ ಮಾಡಿಕೊಡುತ್ತದೆ. ನಮ್ಮ ಅಂಗಡಿಗಳಲ್ಲಿರುವ ಸ್ಪ್ಲಿಟ್ ಎಸಿ ಹೊರಗಿನ ಗಾಳಿಯನ್ನು ಒಳಗೆ ತರುವುದೇ ಇಲ್ಲ. ಕೋಣೆಯ ಗಾಳಿಯನ್ನೇ ಎಳೆದುಕೊಂಡು, ಅದರ ಬಿಸಿ ತೆಗೆದು, ವಾಪಸ್ ಅಲ್ಲೇ ಬಿಡುತ್ತದೆ. ಹೊರಗಿರುವ ಡಬ್ಬದಿಂದ ಆಚೆ ಹೋಗುವುದು ಬಿಸಿ ಮಾತ್ರ. ಈ ಮಾತು ಹೇಳಿದಾಗ ಮಾಲೀಕರು, ‘ಕೋಣಿ ತಣ್ಣಗ ಅದ ಅಲ್ರೀ, ಮತ್ತೇನು ಬೇಕು?’ ಅಂದರು. ಎಸಿ ಎದುರಿನ ಗೋಡೆಯ ಮೇಲ್ಭಾಗದಲ್ಲಿ ಸಣ್ಣ ಎಕ್ಸಾಸ್ಟ್ ಫ್ಯಾನ್, ಬಾಗಿಲ ಕೆಳಗೆ ಒಂದಿಷ್ಟು ಸಂದು. ಬೇಕಾಗಿದ್ದು ಅಷ್ಟೇ. ಕರೆಂಟು ಬಿಲ್ಲು ಸ್ವಲ್ಪ ಏರುತ್ತದೆ, ನಿಜ. ಆದರೆ ಆ ಮಕ್ಕಳು ಫೀಸು ಕಟ್ಟಿ ಬರುವುದು ಓದುವುದಕ್ಕೆ, ಮಲಗುವುದಕ್ಕಲ್ಲ.

ಇನ್ನು ಸ್ವಚ್ಛತೆಯ ಮಾತು. ಮಾರ್ಚ್‌ನಿಂದ ಜೂನ್‌ವರೆಗೆ ನಮ್ಮ ಎಸಿ ರಿಪೇರಿ ಹುಡುಗರಿಗೆ ಊಟಕ್ಕೂ ಪುರುಸೊತ್ತಿರುವುದಿಲ್ಲ. ಅವರಲ್ಲೊಬ್ಬ ಏಣಿ ಮೇಲಿಂದಲೇ ನನಗೆ ಹೇಳಿದ: ‘ಅಣ್ಣಾ, ತಣ್ಣಗ ಆಗ್ಲಿಲ್ಲಂದ್ರ ಫೋನ್ ಬರ್ತದ. ಹೊಲಸಾಗ್ಯಾದ ಅಂತ ಯಾರೂ ಫೋನ್ ಮಾಡಂಗಿಲ್ಲ.’ ಅವನು ಮುಚ್ಚಳ ಬಿಚ್ಚಿದಾಗ ಒಳಗಿನ ಉರುಳೆಯ ಮೇಲೆ ಕಪ್ಪು ಬೂಷ್ಟು ಪದರ ಕಟ್ಟಿತ್ತು. ಇಡೀ ಅಂಗಡಿಯ ಗಾಳಿ ದಿನವೆಲ್ಲ ಅದನ್ನೇ ಸವರಿಕೊಂಡು ಬರುತ್ತಿತ್ತು. ನಮ್ಮ ಧೂಳಿಗೆ ಎರಡು ವಾರಕ್ಕೊಮ್ಮೆ ಜಾಳಿಗೆ ತೆಗೆದು ನಲ್ಲಿ ನೀರಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ ಹಾಕಬೇಕು. ಇದನ್ನು ಅಂಗಡಿಯವರೇ ಮಾಡಬಹುದು, ಮೊದಲು ಮೇನ್ ಸ್ವಿಚ್ ಆರಿಸಿದರಾಯಿತು. ಕಾಯಿಲ್, ಉರುಳೆ, ನೀರು ಇಳಿಯುವ ತಟ್ಟೆ ಮತ್ತು ಪೈಪು ಮಾತ್ರ ಬಲ್ಲವರ ಕೆಲಸ. ಬೇಸಿಗೆಗೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಮಾಡಿಸಿದರೆ ಸಾಕು.

ಎಸಿ ಹೊಲಸಾದರೆ ಆರೋಗ್ಯ ಕೆಡುತ್ತದೆ. ಅಡುಗೆಮನೆಯ ಎಕ್ಸಾಸ್ಟ್ ಹೊಲಸಾದರೆ ಕಟ್ಟಡವೇ ಹೊತ್ತಬಹುದು. ಶಹಾಪುರದಲ್ಲಿ ನಾನು ಮಿರ್ಚಿ ತಿನ್ನಲು ಹೋಗುವ ಹೋಟೆಲಿನ ಮೇಲಿನ ಮಹಡಿಯಲ್ಲಿ ಟ್ಯೂಷನ್ ನಡೆಯುತ್ತದೆ. ಇಂಥ ಕಟ್ಟಡ ಪ್ರತಿ ಊರಲ್ಲೂ ಇವೆ. ಎಣ್ಣೆ ಹೊಗೆ ತಣ್ಣಗಾದಂತೆ ಹುಡ್ಡು, ಫ್ಯಾನಿನ ರೆಕ್ಕೆ, ಪೈಪಿನ ಒಳಮೈಗೆ ಜಿಡ್ಡಾಗಿ ಅಂಟುತ್ತದೆ. ಒಲೆಯ ಜ್ವಾಲೆ ಒಮ್ಮೆ ಅದಕ್ಕೆ ತಗುಲಿದರೆ ಪೈಪೇ ಬತ್ತಿಯಾಗಿ ಉರಿಯುತ್ತದೆ. ಹುಡ್ಡಿನ ಜಾಲರಿಯನ್ನು ಬಿಸಿನೀರು, ಪಾತ್ರೆ ಸೋಪಿನಲ್ಲಿ ವಾರಕ್ಕೊಮ್ಮೆಯಾದರೂ ತೊಳೆಯಲೇಬೇಕು, ಪೈಪಿನ ಒಳಗನ್ನು ಆಗಾಗ ಕೆರೆಸಲೇಬೇಕು. ಪೈಪಿನ ಬಾಯಿ ಮೆಟ್ಟಿಲ ಕಡೆಗಂತೂ ತೆರೆದಿರಬಾರದು. ಮೆಟ್ಟಿಲಲ್ಲಿ ಹೊಗೆ ತುಂಬಿದರೆ ಏನಾಗುತ್ತದೆ ಎಂಬುದನ್ನು ಕರ್ನಾಟಕ ಒಮ್ಮೆ ಕಂಡಿದೆ. 2010ರ ಫೆಬ್ರುವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಜನ ತೀರಿಕೊಂಡರು. ಅದು ಅಡುಗೆಮನೆಯ ಬೆಂಕಿಯಲ್ಲ. ಆದರೆ ಜನರನ್ನು ಮೇಲೆ ಸಿಕ್ಕಿಹಾಕಿಸಿದ್ದು ಹೊಗೆಯೇ. ಉಸಿರಾಡಲಾಗದೆ ಕಿಟಕಿ ಗಾಜು ಒಡೆದು ಕೆಲವರು ಕೆಳಗೆ ಹಾರಿದ್ದರು.

ಸುರಪುರದ ಮದುವೆ ಹಾಲ್‌ಗಳಲ್ಲಿ ಇನ್ನೂ ಕೂಲರ್‌ನದೇ ಕಾರುಬಾರು. ನಮ್ಮ ಒಣ ಬಿಸಿಲಿಗೆ ಕೂಲರ್ ಹೇಳಿ ಮಾಡಿಸಿದ್ದು. ಒದ್ದೆ ಹುಲ್ಲಿನ ಮೂಲಕ ಬರುವಾಗ ನೀರು ಆವಿಯಾಗಿ ಗಾಳಿ ತಂಪಾಗುತ್ತದೆ. ಅದಕ್ಕೇ ಎಸಿಗೆ ತದ್ವಿರುದ್ಧವಾಗಿ ಇದಕ್ಕೆ ಎದುರಿನ ಕಿಟಕಿ ತೆರೆದಿರಬೇಕು. ಮುಚ್ಚಿದರೆ ಸೆಕೆ ತುಂಬಿ ಮೈಯೆಲ್ಲ ಅಂಟಂಟು. ಮದುವೆ ಮುಗಿದ ಮೇಲೆ ತೊಟ್ಟಿಯಲ್ಲಿ ನಿಂತ ನೀರನ್ನು ಕೇಳುವವರು ಯಾರು? ಡೆಂಗಿ ಸೊಳ್ಳೆಗೆ ಅದೇ ತೊಟ್ಟಿಲು. ಮೊಟ್ಟೆ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ವಾರಕ್ಕೊಮ್ಮೆ ನೀರು ಚೆಲ್ಲಿದರಷ್ಟೇ ಸಾಲದು, ಒಳಗೋಡೆಯನ್ನೂ ತಿಕ್ಕಬೇಕು. ಅಲ್ಲಿ ಅಂಟಿದ ಮೊಟ್ಟೆಗಳು ನೀರಿಲ್ಲದೆ ತಿಂಗಳುಗಟ್ಟಲೆ ಬದುಕಬಲ್ಲವು.

ನಮ್ಮ ಹಿರಿಯರ ಮಾಳಿಗೆ ಮನೆಗಳಲ್ಲಿ ಛಾವಣಿಗೊಂದು ಬೆಳಕಿಂಡಿ ಇರುತ್ತಿತ್ತು. ಒಲೆಯ ಹೊಗೆ, ಮನೆಯ ಕಾವು ಮೇಲಕ್ಕೇರಿ ಅಲ್ಲಿಂದ ಹೋಗುತ್ತಿತ್ತು, ಬಾಗಿಲಿಂದ ಹೊಸ ಗಾಳಿ ಬರುತ್ತಿತ್ತು. ಗಾಳಿಗೆ ಬರುವ ದಾರಿ ಒಂದು, ಹೋಗುವ ದಾರಿ ಒಂದು ಬೇಕು ಅನ್ನುವ ಲೆಕ್ಕ ಅವರಿಗೆ ಯಾವ ಮೀಟರೂ ಇಲ್ಲದೆ ಗೊತ್ತಿತ್ತು.

ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಸರ್ವರ್ ಕೆಟ್ಟ ಮೇಲೆ ನೋಡುವುದಲ್ಲ, ಕೆಡುವ ಮುಂಚೆಯೇ ತಾರೀಖು ಹಾಕಿ ನೋಡುತ್ತೇವೆ. ಅಂಗಡಿಗೂ ಅದೇ ಸಾಕು: ಎಸಿ, ಎಕ್ಸಾಸ್ಟ್, ಕೂಲರ್ ಪಕ್ಕ ಒಂದು ಕಾಗದ ಅಂಟಿಸಿ, ತೊಳೆದ ದಿನ ಬರೆಯುವುದು. ನಾವು ಗಿರಾಕಿಗಳು ಮಾಡಬೇಕಾದ್ದೂ ಒಂದಿದೆ. ಮಕ್ಕಳನ್ನು ಕ್ಲಾಸಿಗೆ ಸೇರಿಸುವಾಗ, ಮದುವೆಗೆ ಹಾಲ್ ಹಿಡಿಯುವಾಗ ‘ಎಸಿ ಅದ ಏನ್ರಿ?’ ಅಂತ ಕೇಳುತ್ತೇವಲ್ಲ, ಜೊತೆಗೆ ‘ತೊಳದು ಎಷ್ಟ್ ದಿನ ಆತ್ರೀ? ಗಾಳಿ ಎಲ್ಲಿಂದ ಬರ್ತದ?’ ಅಂತಲೂ ಕೇಳೋಣ. ನಾಲ್ಕು ಜನ ಕೇಳಿದರೆ ಐದನೆಯವರು ಕೇಳುವ ಮೊದಲೇ ಮಾಲೀಕರು ಆ ಹುಡುಗನಿಗೆ ಫೋನ್ ಮಾಡಿರುತ್ತಾರೆ.