ಕೊನೆಯ ಸೈಕಲು ಬಂದು ಸೇರುವ ತನಕ

ಚಳಿಗಾಲ ಬಂತೆಂದರೆ ನೀಲಗಿರಿಯ ಘಟ್ಟದ ದಾರಿಗಳಲ್ಲಿ ದೂರದ ಊರುಗಳ ಸೈಕಲ್ ಸವಾರರು ಸಾಲಾಗಿ ಏರುವುದನ್ನು ನಮ್ಮ ಓದುಗರಲ್ಲಿ ಅನೇಕರು ಕಂಡಿದ್ದಾರೆ. ‘ಟೂರ್ ಆಫ್ ನೀಲಗಿರೀಸ್’ ಎಂಬ ಸವಾರಿ 2008ರ ಡಿಸೆಂಬರಿನಲ್ಲಿ ಮೊದಲ ಸಲ ನಡೆಯಿತು. ಕರ್ನಾಟಕ, ತಮಿಳುನಾಡು, ಕೇರಳ ಈ ಮೂರು ರಾಜ್ಯಗಳ ರಸ್ತೆಗಳಲ್ಲಿ ದಿನಗಟ್ಟಲೆ ತುಳಿಯುವ ಸವಾರಿ ಅದು. ಅದನ್ನು ನೋಡಿದ ಲಯನಿನ ಹುಡುಗ ಹುಡುಗಿಯರಿಗೆ, ನಾವೂ ಹತ್ತು ಹದಿನೈದು ಜನ ಸೇರಿ ನಾಲ್ಕು ದಿನ ಹೋಗಿಬಂದರೆ ಏನು ಎಂಬ ಆಸೆ ಹುಟ್ಟುವುದು ಸಹಜ. ಆ ಆಸೆ ತಪ್ಪಲ್ಲ ಎಂಬುದು ನಮ್ಮ ಮೊದಲ ಮಾತು. ಸೈಕಲು ಕೂಲಿಯವನ ವಾಹನವೇ. ದುಡ್ಡಿದ್ದವರು ಮಾತ್ರ ಅದರಲ್ಲಿ ಸಂತೋಷಪಡಬೇಕೆಂದು ಯಾರೂ ಬರೆದಿಟ್ಟಿಲ್ಲ.

ಆದರೆ ಆಸೆಯ ಜೊತೆಗೆ ಲೆಕ್ಕವೂ ಬೇಕು. ರಸ್ತೆಯಲ್ಲಿ ನಮಗೆ ಕಾಣುವುದು ಸವಾರರು ಮಾತ್ರ. ಹಿಂದೆ ಬರುವ ಸಾಮಾನಿನ ಗಾಡಿ, ರಿಪೇರಿಯವನು, ಔಷಧದ ಪೆಟ್ಟಿಗೆ, ರಾತ್ರಿ ತಂಗಲು ಮೊದಲೇ ಮಾಡಿಟ್ಟ ಏರ್ಪಾಡು, ಎಲ್ಲಕ್ಕಿಂತ ಮೊದಲು ಅವರು ತಿಂಗಳುಗಟ್ಟಲೆ ಮಾಡಿದ ಅಭ್ಯಾಸ, ಇವು ಕಣ್ಣಿಗೆ ಬೀಳುವುದಿಲ್ಲ. ಮಾಸಿಕ ಸಂಬಳದವನ ಮೊಣಕಾಲು ಊದಿಕೊಂಡರೆ ಅವನು ರಜೆ ಹಾಕಿ ಮನೆಯಲ್ಲಿ ಕುಳಿತಾನು. ನಮ್ಮಲ್ಲೊಬ್ಬಳ ಮೊಣಕಾಲು ಊದಿಕೊಂಡರೆ ಹಾಜರಿ ಹೋಗುತ್ತದೆ, ಹಾಜರಿಯ ಜೊತೆ ಮನೆಯ ಅಕ್ಕಿಯೂ ಹೋಗುತ್ತದೆ. ಆದುದರಿಂದ ನಮ್ಮ ಜನ ಇಂಥ ಸವಾರಿ ಹೊರಡುವುದಾದರೆ, ಗುಂಪಿನಲ್ಲಿ ಎಲ್ಲರಿಗಿಂತ ನಿಧಾನವಾಗಿ ತುಳಿಯುವವರನ್ನು ಮುಂದಿಟ್ಟುಕೊಂಡೇ ದಿನದ ದೂರವನ್ನೂ ತರಬೇತಿಯನ್ನೂ ಖರ್ಚನ್ನೂ ಗೊತ್ತುಮಾಡಬೇಕು ಎಂಬುದು ನಮ್ಮ ಅಭಿಪ್ರಾಯ. ಗಟ್ಟಿ ಕಾಲಿನ ನಾಲ್ವರು ಗೊತ್ತುಮಾಡಿ, ಉಳಿದವರು ಏದುಸಿರು ಬಿಡುತ್ತಾ ಹಿಂದೆ ಬರುವುದು ಬೇಡ.

ಬೆಳಗಿನಿಂದ ಇಳಿಜಾರಿನಲ್ಲಿ ನಿಂತು ಸೊಪ್ಪು ಕೊಯ್ಯುವವರಿಗೆ, ಮೂಟೆ ಹೊತ್ತು ಏರುವವರಿಗೆ ತರಬೇತಿ ಯಾಕೆ ಎಂದು ಕೇಳುವವರುಂಟು. ಈ ಮಾತಿನಲ್ಲಿ ಅರ್ಧ ನಿಜವಿದೆ. ದುಡಿಯುವ ದೇಹಕ್ಕೆ ಉಸಿರೂ ತಾಳ್ಮೆಯೂ ಇರುತ್ತದೆ. ಆದರೆ ದೇಹವು ಯಾವ ಕೆಲಸ ಮಾಡುತ್ತದೋ ಆ ಕೆಲಸಕ್ಕೇ ಹದವಾಗುತ್ತದೆ. ನಡೆಯುವ ಕಾಲು ಗಂಟೆಗೆ ಸಾವಿರಾರು ಸಲ ಒಂದೇ ಅಳತೆಯಲ್ಲಿ ಸುತ್ತುವುದನ್ನು ಅರಿಯದು. ಸೀಟಿನ ಮೇಲೆ ಐದು ಗಂಟೆ ಕುಳಿತರೆ ತೊಡೆಯ ಸಂದು ಕೆಂಪಾಗುತ್ತದೆ, ಅಂಗೈ ಮರಗಟ್ಟುತ್ತದೆ, ಕುತ್ತಿಗೆ ಹಿಡಿಯುತ್ತದೆ. ಇವು ಮೊದಲ ದಿನ ಗೊತ್ತಾಗುವುದಿಲ್ಲ, ಎರಡನೆಯ ದಿನ ಬೆಳಗ್ಗೆ ಪುನಃ ಸೀಟಿಗೆ ಏರುವಾಗ ಗೊತ್ತಾಗುತ್ತವೆ. ಒಂದು ದಿನದ ಸವಾರಿಗೂ ನಾಲ್ಕು ದಿನದ ಸವಾರಿಗೂ ಇರುವ ವ್ಯತ್ಯಾಸವೇ ಇದು.

ಇದಕ್ಕಿಂತ ದೊಡ್ಡ ಮಾತೊಂದಿದೆ. ನಮ್ಮ ದೇಹ ವಾರದಲ್ಲಿ ಆರು ದಿನ ಆಗಲೇ ದುಡಿದಿರುತ್ತದೆ. ಅಭ್ಯಾಸದಿಂದ ಬಲ ಬರುವುದು ತುಳಿಯುವಾಗ ಅಲ್ಲ, ತುಳಿದ ಮೇಲೆ ಉಂಡು ಮಲಗಿದಾಗ. ವಿಶ್ರಾಂತಿ ಇಲ್ಲದ ಅಭ್ಯಾಸ ದೇಹವನ್ನು ಸವೆಸುತ್ತದೆಯೇ ಹೊರತು ಬೆಳೆಸುವುದಿಲ್ಲ. 1951ರ ತೋಟ ಕಾರ್ಮಿಕರ ಕಾಯಿದೆಯು ಏಳು ದಿನಕ್ಕೆ ಒಂದು ದಿನ ವಿಶ್ರಾಂತಿ ಎಂದು ಬರೆದದ್ದು ಸುಮ್ಮನೆ ಅಲ್ಲ. ಆ ಒಂದು ದಿನವನ್ನೂ ಪ್ರತಿ ವಾರ ಬೆವರಿನಲ್ಲಿ ಕಳೆದರೆ ಸೋಮವಾರದ ಹಾಜರಿಗೆ ಏನು ಉಳಿಯುತ್ತದೆ?

ಹಳೆಯ ಸಂಗತಿಯೊಂದನ್ನು ಇಲ್ಲಿ ನೆನೆಯಬಹುದು. ಫ್ರಾನ್ಸ್ ದೇಶದ ಹೆಸರಾಂತ ಸೈಕಲ್ ಪಂದ್ಯ ‘ಟೂರ್ ದ ಫ್ರಾನ್ಸ್’ ಮೊದಲು ನಡೆದದ್ದು 1903ರ ಜುಲೈನಲ್ಲಿ. ಅದನ್ನು ಗೆದ್ದ ಮೋರಿಸ್ ಗಾರಾಂ ಹಿಂದೆ ಚಿಮಣಿಗಳ ಮಸಿ ಗುಡಿಸುತ್ತಿದ್ದ ಕೂಲಿ. ಒಟ್ಟು ದಾರಿ 2,428 ಕಿಲೋಮೀಟರು. ಅದನ್ನು 6 ಹಂತಗಳಾಗಿ ಮಾಡಿ 19 ದಿನಗಳಿಗೆ ಹರಡಿದ್ದರು. ಹಂತ ಹಂತದ ನಡುವೆ ವಿಶ್ರಾಂತಿ ಇತ್ತು. ಆದರೂ ಹೊರಟ 60 ಮಂದಿಯಲ್ಲಿ ಕೊನೆ ಮುಟ್ಟಿದವರು 21 ಮಂದಿ. ಪಂದ್ಯದಲ್ಲಿ 39 ಮಂದಿ ಹಿಂದೆ ಉಳಿದರೆ ಅದು ಪಂದ್ಯದ ಗುಣ. ಒಂದೇ ಲಯನಿನಿಂದ ಕೂಡಿ ಹೊರಟವರಲ್ಲಿ ಒಬ್ಬರನ್ನು ದಾರಿಯಲ್ಲಿ ಬಿಟ್ಟು ಬಂದರೆ ಅದು ಸೋಲು.

ಹಾಗಾದರೆ ಸಿದ್ಧತೆ ಹೇಗಿರಬೇಕು? ಮಾತು ಬರಿದೇ ಆಗಬಾರದೆಂದು ಒಂದು ದಾರಿಯನ್ನೇ ತೆಗೆದುಕೊಳ್ಳೋಣ. ಗೂಡಲೂರಿನಿಂದ ತೊರಪ್ಪಳ್ಳಿ, ತೆಪ್ಪಕಾಡು, ಬಂಡೀಪುರ ಹಾದು ಗುಂಡ್ಲುಪೇಟೆಗೆ ಸುಮಾರು 50 ಕಿಲೋಮೀಟರು. ಅಲ್ಲಿಂದ ಬೇಗೂರು, ನಂಜನಗೂಡು ದಾಟಿ ಮೈಸೂರಿಗೆ ಸುಮಾರು 60. ಎರಡು ದಿನ ಹೋಗುವುದು, ಎರಡು ದಿನ ಬರುವುದು. ನೋಡಲು ಸುಲಭ. ಆದರೆ ಗೂಡಲೂರು ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಮೇಲಿದೆ, ಮೈಸೂರು 770 ಮೀಟರಿನ ಆಸುಪಾಸಿನಲ್ಲಿದೆ. ಅಂದರೆ ಹೊಸ ಹುರುಪಿನಲ್ಲಿ ಹೋಗುವಾಗ ಒಟ್ಟಿನಲ್ಲಿ ಇಳುಕಲು, ದಣಿದು ಬರುವಾಗ ಏರು. ನಾಲ್ಕನೆಯ ದಿನದ ಏರಿಗೆ ಶಕ್ತಿ ಉಳಿಸದೆ ಮೊದಲ ದಿನ ಹಾರಿದವರು ತೆಪ್ಪಕಾಡಿನ ಮೇಲೆ ಕುಳಿತುಬಿಡುತ್ತಾರೆ. ಮಸಿನಗುಡಿಯಿಂದ ಕಲ್ಹಟ್ಟಿಯ 36 ತಿರುವುಗಳನ್ನು ಏರಿ ಊಟಿಗೆ ಹೋಗುವ ಮಾತನ್ನು ಮೊದಲ ವರ್ಷ ಎತ್ತುವುದೇ ಬೇಡ.

ಈ ದಾರಿಯ ನಡುವೆ ಮುದುಮಲೆ, ಬಂಡೀಪುರದ ಹುಲಿ ಕಾಡುಗಳಿವೆ. ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಅಲ್ಲಿ ರಸ್ತೆ ಮುಚ್ಚಿರುತ್ತದೆ. ಆನೆಯ ವಿಷಯ ನಮ್ಮ ಜನರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಎರಡೂ ಕಡೆಯ ಅರಣ್ಯ ಇಲಾಖೆಯನ್ನು ಮೊದಲೇ ಕೇಳಬೇಕು. ಕಾಡಿನ ತುಂಡನ್ನು ಸೈಕಲಿನಲ್ಲಿ ದಾಟುವುದು ಬೇಡವೆಂದರೆ ವ್ಯಾನಿನಲ್ಲಿ ಸೈಕಲು ಹೇರಿಕೊಂಡು ದಾಟಬೇಕು. ಅದರಿಂದ ಯಾರ ಮರ್ಯಾದೆಯೂ ಕಡಿಮೆಯಾಗದು.

ತರಬೇತಿಗೆ 12 ವಾರ ಬೇಕೆಂದು ನಾವು ಹೇಳುತ್ತೇವೆ. ವಾರಕ್ಕೆ ಮೂರು ಸವಾರಿ ಸಾಕು: ಕೆಲಸದ ದಿನಗಳಲ್ಲಿ ಅರ್ಧ ಮುಕ್ಕಾಲು ಗಂಟೆಯ ಎರಡು, ರಜೆಯ ದಿನ ದೂರದ್ದು ಒಂದು. ಮೊದಲ ಮೂರು ವಾರ ದೂರದ ಸವಾರಿ 15, 20, 25 ಕಿಲೋಮೀಟರು. ನಾಲ್ಕನೆಯ ವಾರ ಪುನಃ 15ಕ್ಕೆ ಇಳಿಯಬೇಕು. ಆಮೇಲೆ 30, 35, 40. ಎಂಟನೆಯ ವಾರ 25. ಒಂಬತ್ತು, ಹತ್ತನೆಯ ವಾರ 45, 50. ಹನ್ನೊಂದನೆಯ ವಾರ ಎರಡು ದಿನ ಎಡೆಬಿಡದೆ ನಲವತ್ತು ನಲವತ್ತು ತುಳಿದು, ಎರಡನೆಯ ದಿನ ದೇಹ ಏನು ಹೇಳುತ್ತದೆಂದು ಕೇಳಬೇಕು. ಕೊನೆಯ ವಾರ ಹತ್ತು ಕಿಲೋಮೀಟರಿನ ಎರಡು ಸವಾರಿ ಸಾಕು, ಉಳಿದದ್ದು ನಿದ್ದೆ. ತುಳಿಯುವಾಗ ಪಕ್ಕದವರೊಡನೆ ಮಾತಾಡುವಷ್ಟು ಉಸಿರು ಉಳಿದಿರಬೇಕು. ಮಳೆಯಿಂದಲೋ ಸೊಪ್ಪು ಜಾಸ್ತಿಯಾದುದರಿಂದಲೋ ಒಂದು ಸವಾರಿ ತಪ್ಪಿದರೆ ತಪ್ಪಲಿ, ಮರುದಿನ ಎರಡರಷ್ಟು ತುಳಿದು ಸಾಲ ತೀರಿಸಲು ಹೋಗಬಾರದು. ರಕ್ತಹೀನತೆ, ಎದೆನೋವು, ರಕ್ತದೊತ್ತಡ, ಸಕ್ಕರೆ ಕಾಯಿಲೆ ಇರುವವರು ಮೊದಲ ಸವಾರಿಗೂ ಮುಂಚೆ ವೈದ್ಯರನ್ನು ಕಾಣಬೇಕು.

ಕಾಲವನ್ನೂ ನೋಡಬೇಕು. ಜನವರಿಯ ಕೊನೆಯಲ್ಲಿ ಮಳೆ ಇರುವುದಿಲ್ಲ, ಚಹಾ ಸೊಪ್ಪೂ ಕಡಿಮೆ. ಜನವರಿ 26ರ ರಜೆ ಭಾನುವಾರದ ಪಕ್ಕದಲ್ಲಿ ಬಿದ್ದ ವರ್ಷ ನಾಲ್ಕು ದಿನದ ಸವಾರಿಗೆ ಎರಡು ದಿನದ ರಜೆ ಸಾಕು. ಸಂಬಳದ ರಜೆ ಯಾರಿಗೆ ಎಷ್ಟು ಉಳಿದಿದೆ ಎಂದು ನವೆಂಬರಿನಲ್ಲೇ ತೋಟದ ಕಚೇರಿಯಲ್ಲಿ ಕೇಳಿ ಬರೆದಿಟ್ಟುಕೊಳ್ಳಬೇಕು. ಕಾಫಿ ಕೊಯ್ಲಿಗೆ ಹೋಗುವವರು ಗುಂಪಿನಲ್ಲಿದ್ದರೆ ಅವರ ಕೊಯ್ಲು ಮುಗಿಯುವ ತನಕ ಎಲ್ಲರೂ ಕಾಯಬೇಕು.

ಇನ್ನು ಸೈಕಲು. ಹೊಸದೇ ಬೇಕೆಂದಿಲ್ಲ. ತಮಿಳುನಾಡಿನಲ್ಲಿ ಸರಕಾರ 11ನೆಯ ತರಗತಿಯ ಮಕ್ಕಳಿಗೆ ಕೊಡುವ ಸೈಕಲುಗಳು ಎಷ್ಟೋ ಮನೆಗಳಲ್ಲಿ ಏರುದಾರಿಗೆ ಹೆದರಿ ಗೋಡೆಗೆ ಒರಗಿವೆ. ಅವುಗಳ ಚೈನು, ಟೈರು, ಬ್ರೇಕು ಸರಿಮಾಡಿಸಬೇಕು. ಗೇರು ಇಲ್ಲದ ಸೈಕಲನ್ನು ಕಡಿದಾದ ಏರಿನಲ್ಲಿ ಇಳಿದು ತಳ್ಳುವುದು ಅವಮಾನವಲ್ಲ, ಬುದ್ಧಿವಂತಿಕೆ. ಸೀಟಿನ ಎತ್ತರಕ್ಕೆ ಸುಲಭದ ಅಳತೆ ಇದು: ಪೆಡಲು ತೀರ ಕೆಳಗಿರುವಾಗ ಹಿಮ್ಮಡಿಯನ್ನು ಅದರ ಮೇಲಿಟ್ಟರೆ ಮೊಣಕಾಲು ನೆಟ್ಟಗಾಗಬೇಕು. ತಗ್ಗಿನ ಸೀಟು ಮೊಣಕಾಲನ್ನು ತಿನ್ನುತ್ತದೆ. ಇಳಿಜಾರಿನಲ್ಲಿ ತಿರುವಿಗೆ ಮೊದಲೇ ವೇಗ ಇಳಿಸಬೇಕು. ಬ್ರೇಕನ್ನು ಉದ್ದಕ್ಕೂ ಅಮುಕಿ ಹಿಡಿಯದೆ ಹಿಡಿದು ಬಿಡಬೇಕು, ನಡುನಡುವೆ ನಿಂತು ರಿಮ್ಮು ತಣಿಯಲು ಬಿಡಬೇಕು. ತಲೆಗೆ ಹೆಲ್ಮೆಟ್ ಇಲ್ಲದವರು ಹೊರಡಬಾರದು. ಈ ಮಾತಿನಲ್ಲಿ ರಿಯಾಯಿತಿ ಇಲ್ಲ.

ಹಸಿವಾಗುವ ಮೊದಲೇ ತಿನ್ನಬೇಕು, ಬಾಯಾರಿಕೆ ಕಾಡುವ ಮೊದಲೇ ಕುಡಿಯಬೇಕು. ಗಂಟೆಗೆ ಒಂದೆರಡು ಬಾಳೆಹಣ್ಣು ಅಥವಾ ಕಡಲೆಮಿಠಾಯಿ, ಅರ್ಧ ಲೀಟರಿಗೂ ಸ್ವಲ್ಪ ಹೆಚ್ಚು ನೀರು. ತುಂಬ ಬೆವರಿದ ದಿನ ಒಂದು ಲೀಟರು ಶುದ್ಧ ನೀರಿಗೆ 6 ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು ಬೆರೆಸಿ ಕುಡಿಯಬಹುದು. ರಾತ್ರಿ ಅನ್ನ ಅಥವಾ ಮುದ್ದೆಯ ಜೊತೆ ಬೇಳೆಯೋ ಮೊಟ್ಟೆಯೋ ಇರಬೇಕು. ದುಬಾರಿ ಡಬ್ಬಿಯ ಪುಡಿಗಳು ನಮಗೆ ಬೇಡ.

ಗುಂಪಿನ ನಡತೆಯೇ ಎಲ್ಲಕ್ಕೂ ಮುಖ್ಯ. ಮುಂದೊಬ್ಬ, ಹಿಂದೊಬ್ಬ ಅನುಭವಸ್ಥ ಇರಬೇಕು. ಹಿಂದಿನವನ ಚೀಲದಲ್ಲಿ ಪಂಪು, ಪಂಚರಿನ ಸಾಮಾನು, ಔಷಧ. ಅವನ ಮುಂದೆ ಇರುವವರನ್ನು ದಾಟಿ ಅವನು ಹೋಗುವಂತಿಲ್ಲ. ಪ್ರತಿ ತಂಗುದಾಣದಲ್ಲಿ ತಲೆ ಎಣಿಸಬೇಕು. ಬಯಲು ದಾರಿಯಲ್ಲಿ ಮುಂದಿನವರು ಗಾಳಿಯನ್ನು ತಡೆದರೆ ಹಿಂದಿನವರಿಗೆ ತುಳಿತ ಹಗುರ. ನಂಜನಗೂಡಿನ ಕಡೆಯ ಬಿಸಿಲು ಬಯಲಿನಲ್ಲಿ ಗಟ್ಟಿ ಕಾಲಿನವರ ಬಲಕ್ಕೆ ಇದೇ ಕೆಲಸ. ಆದರೆ ಹೊಸಬರು ಮುಂದಿನ ಸೈಕಲಿಗೆ ಒಂದು ಸೈಕಲಿನಷ್ಟಾದರೂ ಅಂತರ ಬಿಡಬೇಕು. ಕೊನೆಯವರು ಬಂದು ಸೇರಿದೊಡನೆ ಉಳಿದವರು ಎದ್ದು ಹೊರಡುವ ಕೆಟ್ಟ ರೂಢಿಯೊಂದುಂಟು. ಇದರಿಂದ ಹೆಚ್ಚು ದಣಿದವರಿಗೇ ವಿಶ್ರಾಂತಿ ಸಿಗದೆ ಹೋಗುತ್ತದೆ. ಕೊನೆಯವರು ಬಂದ ಮೇಲೆಯೇ ವಿಶ್ರಾಂತಿಯ ಗಡಿಯಾರ ಶುರುವಾಗಲಿ.

ಹೆಂಗಸರನ್ನು ಅಡುಗೆಗೆ ಮಾತ್ರ ಕರೆದೊಯ್ಯುವ ಯೋಚನೆ ಯಾರಲ್ಲಾದರೂ ಇದ್ದರೆ ಬಿಟ್ಟುಬಿಡಲಿ. ತಮಿಳುನಾಡಿನ ಪುದುಕ್ಕೋಟ್ಟೆ ಜಿಲ್ಲೆಯಲ್ಲಿ 1991ರ ಹೊತ್ತಿಗೆ ನಡೆದ ಸಾಕ್ಷರತಾ ಚಳುವಳಿಯಲ್ಲಿ ಹಳ್ಳಿಯ ಹೆಂಗಸರು ಸಾವಿರಗಟ್ಟಲೆ ಸೈಕಲು ಕಲಿತರು. ಕಲ್ಲುಕ್ವಾರಿಯ ಕೂಲಿಯವರೂ ಕಲಿತರು. ಕಲಿತವಳು ಮತ್ತೊಬ್ಬಳಿಗೆ ಕಲಿಸಿದಳು. ಆಗ ಅಲ್ಲಿ ಕಲೆಕ್ಟರಾಗಿದ್ದ ಶೀಲಾ ರಾಣಿ ಚುಂಕತ್ ಅದಕ್ಕೆ ಬೆಂಬಲ ಕೊಟ್ಟರು. ಪುದುಕ್ಕೋಟ್ಟೆ ಬಯಲು, ನಮ್ಮದು ಬೆಟ್ಟ ಎಂಬುದು ನಿಜ. ಅದು ನಿಧಾನವಾಗಿ ಕಲಿಯಲು ಕಾರಣವಾಗಬಹುದು, ಕಲಿಯದಿರಲು ಕಾರಣವಲ್ಲ.

ನಿಧಾನದವರಿಗಾಗಿ ಕಾಯುತ್ತಾ ಹೋದರೆ ಅದೆಂಥ ಸಾಹಸ ಎಂದು ಕೆಲವರು ನಗಬಹುದು. ಒಬ್ಬನೇ ಬೇಗ ಹೋಗುವುದು ಕಾಲಿನ ಬಲದ ಪ್ರಶ್ನೆ. ಹದಿನೈದು ಜನ ಹೊರಟು ಹದಿನೈದು ಜನವೂ ನೆಟ್ಟಗೆ ಮನೆ ಸೇರಿ, ಮರುದಿನದ ಮಸ್ಟರಿಗೆ ನಿಲ್ಲುವಂತೆ ಮಾಡುವುದಕ್ಕೆ ಮೂರು ತಿಂಗಳ ಯೋಚನೆ, ತಾಳ್ಮೆ, ಒಬ್ಬರ ಮಾತನ್ನೊಬ್ಬರು ಕೇಳುವ ಗುಣ ಬೇಕು. ನಮಗೆ ಇದೇ ದೊಡ್ಡ ಸಾಹಸವಾಗಿ ಕಾಣುತ್ತದೆ.

ಕೊನೆಗೆ ದುಡ್ಡಿನ ಮಾತು. 12 ವಾರವೂ ಪ್ರತಿಯೊಬ್ಬರು ಕೈಲಾದಷ್ಟು ಒಂದು ಡಬ್ಬಿಗೆ ಹಾಕಲಿ. ಆ ಹಣ ಮೊದಲು ಬ್ರೇಕಿಗೆ, ಹೆಲ್ಮೆಟಿಗೆ. ಆಮೇಲೆ, ರಜೆ ಉಳಿದಿಲ್ಲದವರ ಮತ್ತು ದಾರಿಯಲ್ಲಿ ಪೆಟ್ಟಾದವರ ಕೂಲಿಗೆ. ಒಂದೇ ಬಣ್ಣದ ಅಂಗಿ, ಬ್ಯಾನರು, ಫೋಟೋ ಇವೆಲ್ಲ ಉಳಿದರೆ ಮಾತ್ರ. ಡಬ್ಬಿಯ ಲೆಕ್ಕವನ್ನು ಲಯನಿನಲ್ಲಿ ಎಲ್ಲರೆದುರು ಓದಬೇಕು. ಹೀಗೆ ಸಿದ್ಧತೆ ಮಾಡಿ ಹೊರಡುವ ಗುಂಪಿಗೆ ಹಿರಿಯರು ಅಡ್ಡ ಬರಬಾರದು, ಬೆನ್ನು ತಟ್ಟಿ ಕಳಿಸಬೇಕು. ಸಿದ್ಧತೆ ಇಲ್ಲದೆ ಎರಡೇ ವಾರದಲ್ಲಿ ಹೊರಡುತ್ತೇವೆ ಎನ್ನುವ ಗುಂಪನ್ನು ಮಾತ್ರ, ಅದರಲ್ಲಿ ಎಷ್ಟೇ ಗಟ್ಟಿಗರಿರಲಿ, ಮುಂದಿನ ವರ್ಷದ ತನಕ ತಡೆದು ನಿಲ್ಲಿಸಬೇಕು.