ಒಣಗಿದರೂ ಸಾಯದ ಮೊಟ್ಟೆ: ಡೆಂಗೆ ಸೊಳ್ಳೆ ನಗರಕ್ಕೆ ಒಗ್ಗಿದ ಬಗೆ

ಬೆಂಗಳೂರು: ಮಳೆಗಾಲ ಬಂತೆಂದರೆ ಜಯನಗರ, ಬನಶಂಕರಿ, ಜೆ.ಪಿ. ನಗರದ ನಿವಾಸಿಗಳು ಮೊದಲು ಕೇಳುವುದು ಫಾಗಿಂಗ್ ಯಂತ್ರವನ್ನು. ಆದರೆ ಹೊಗೆಗೆ ಸಾಯುವುದು ಹಾರಾಡುವ ಸೊಳ್ಳೆ ಮಾತ್ರ. ತೊಟ್ಟಿಯ ಗೋಡೆಗೆ ಅಂಟಿದ ಮೊಟ್ಟೆಗೆ ಅದರ ಗೊಡವೆಯೇ ಇಲ್ಲ.

ಡೆಂಗೆ ಹರಡುವ ಈಡಿಸ್ ಈಜಿಪ್ಟೈ ಮೂಲತಃ ಆಫ್ರಿಕಾದ್ದು. ಕಾಡಿನ ಮರದ ಪೊಟರೆಗಳಲ್ಲಿ ಬೆಳೆಯುತ್ತಿದ್ದ ಈ ಕೀಟ ಮನುಷ್ಯರ ನೀರಿನ ಪಾತ್ರೆಗಳಿಗೆ ಒಗ್ಗಿ, ಹಡಗನ್ನೇರಿ ಉಷ್ಣವಲಯವನ್ನೆಲ್ಲ ವ್ಯಾಪಿಸಿತು. ನೀರು ಆರಿದರೂ ಇದರ ಮೊಟ್ಟೆ ತಿಂಗಳುಗಟ್ಟಲೆ ಜೀವ ಹಿಡಿದಿರಬಲ್ಲದು. ಅದು ಹೇಗೆಂಬುದನ್ನು ನಮ್ಮದೇ ನಗರದ ಇನ್‌ಸ್ಟೆಮ್ ಹಾಗೂ ಮಂಡಿಯ ಐಐಟಿ ವಿಜ್ಞಾನಿಗಳು 2023ರಲ್ಲಿ ವಿವರಿಸಿದರು. ಭ್ರೂಣ ಬಹುಮಟ್ಟಿಗೆ ಬಲಿತ ಮೇಲೆ ಮೊಟ್ಟೆ ಒಣಗಿದರೆ ಒಳಗಿನ ಚಯಾಪಚಯವೇ ಬದಲಾಗುತ್ತದೆ; ಪಾಲಿಅಮೈನ್ ಎಂಬ ರಾಸಾಯನಿಕಗಳು ಹೆಚ್ಚಿ ಭ್ರೂಣವನ್ನು ಕಾಯುತ್ತವೆ, ಕೊಬ್ಬು ಕರಗಿ ಶಕ್ತಿ ಒದಗಿಸುತ್ತದೆ. ನೀರು ತಗುಲಿದೊಡನೆ ಮರಿ ಹೊರಬರುತ್ತದೆ.

ಪರಿಸರಕ್ಕೆ ತಕ್ಕಂತೆ ದೇಹಸ್ಥಿತಿ ಬದಲಿಸುವ ಇಂಥ ಗುಣವೂ ವಿಕಾಸಗೊಳ್ಳಬಲ್ಲದು, ಅದೂ ವೇಗವಾಗಿ. ಇದಕ್ಕೆ ಸ್ಪಷ್ಟ ಸಾಕ್ಷ್ಯ ಈಡಿಸ್‌ನ ಸೋದರ ಜಾತಿಯಾದ ಏಷ್ಯಾದ ಹುಲಿ ಸೊಳ್ಳೆ. 1985ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ನೆಲೆಯೂರಿದ್ದು ಪತ್ತೆಯಾದ ಈ ಸೊಳ್ಳೆ, ಹಗಲು ಕಿರಿದಾಗುವುದನ್ನು ಗ್ರಹಿಸಿ ಚಳಿಗಾಲಕ್ಕೆ ನಿದ್ರಾವಸ್ಥೆಯ ಮೊಟ್ಟೆ ಇಡುತ್ತದೆ. ಎರಡೇ ದಶಕಗಳಲ್ಲಿ ಈ ಗ್ರಹಿಕೆ ಉತ್ತರದ ರಾಜ್ಯಗಳಲ್ಲಿ ಅಲ್ಲಿನ ಬೇಗನೆ ಬರುವ ಚಳಿಗೆ ಹೊಂದಿಕೊಂಡಿತು. ಬೆಚ್ಚನೆಯ ಫ್ಲಾರಿಡಾದಲ್ಲಿ ನಿದ್ರೆಯ ಪ್ರವೃತ್ತಿಯೇ ಕುಗ್ಗಿತು.

ಬೆಂಗಳೂರಿನಲ್ಲಿ ಹಗಲಿನ ಅವಧಿ ವರ್ಷವಿಡೀ ಹೆಚ್ಚು ಬದಲಾಗದು, ಚಳಿಯೂ ಮಾರಕವಲ್ಲ. ಇಲ್ಲಿ ಸೊಳ್ಳೆಗೆ ಎದುರಾಗುವ ಪರೀಕ್ಷೆ ಒಣಹವೆಯದು. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಜನ ಟ್ಯಾಂಕರ್ ನೀರನ್ನು ಡ್ರಮ್ಮುಗಳಲ್ಲಿ ಕೂಡಿಟ್ಟರು. ಮಳೆ ಬಿದ್ದ ಬೆನ್ನಲ್ಲೇ ಡೆಂಗೆ ಉಲ್ಬಣಿಸಿತು. ಎರಡಕ್ಕೂ ನೇರ ನಂಟು ಕಲ್ಪಿಸುವುದು ಅವಸರವಾದೀತು. ಆದರೂ ಬತ್ತಿದ ಡ್ರಮ್ಮನ್ನು ನಿರಪಾಯವೆಂದು ತಿಳಿಯುವಂತಿಲ್ಲ.

ಆ ವರ್ಷದ ಸೆಪ್ಟೆಂಬರ್‌ನಲ್ಲಿ ಸರ್ಕಾರ ಡೆಂಗೆಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಬೆಳೆಯಲು ಬಿಟ್ಟ ನಗರದ ಮನೆಗಳಿಗೆ 400 ರೂ., ಕಟ್ಟಡ ಕಾಮಗಾರಿ ಸ್ಥಳಗಳಿಗೆ 2,000 ರೂ. ದಂಡ ನಿಗದಿಪಡಿಸಿತು. ಸ್ವಾಗತಾರ್ಹವೇ. ಆದರೆ ತಪಾಸಣೆಗೆ ಬಂದವರ ಕಣ್ಣು ನೀರಿನಲ್ಲಿ ಆಡುವ ಮರಿಹುಳುಗಳತ್ತ ಇರುತ್ತದೆ. ನೀರು ಚೆಲ್ಲಿಬಿಟ್ಟರೆ ಮನೆಯವರು ನಿರಾಳ. ಗೋಡೆಯ ಅಂಚಿನಲ್ಲಿ ನೀರಿನ ಗೆರೆಗಿಂತ ತುಸು ಮೇಲೆ ಅಂಟಿದ ಕಪ್ಪು ಚುಕ್ಕಿಗಳು ಬ್ರಷ್ ಹಾಕಿ ತಿಕ್ಕದ ಹೊರತು ಹೋಗವು. ಮಾರ್ಚ್, ಏಪ್ರಿಲ್‌ನ ಬಿರುಬಿಸಿಲಿನಲ್ಲಿ, ಸೊಳ್ಳೆಯ ಸುಳಿವೇ ಇಲ್ಲದಾಗ, ಈ ಕೆಲಸಕ್ಕೆ ಯಾರೂ ಕೈಹಾಕುವುದಿಲ್ಲ.