ಕನ್ನಡದ ಬಗ್ಗೆ ಹಾಡಿದ್ದು ಸಾಕು, ಇನ್ನು ಕನ್ನಡದಲ್ಲಿ ಹಾಡಲಿ ನಮ್ಮ ಮಕ್ಕಳು

ರಾಜ್ಯೋತ್ಸವವೋ ವಾರ್ಷಿಕೋತ್ಸವವೋ ಬಂತೆಂದರೆ ನಮ್ಮ ಗಡಿನಾಡ ಶಾಲೆಗಳಲ್ಲಿ ಕೇಳುವ ಹಾಡುಗಳು ಯಾವುವೆಂದು ನಿಮಗೂ ಗೊತ್ತು, ನಮಗೂ ಗೊತ್ತು. ಕನ್ನಡ ನಾಡು ಚೆಂದ, ಕನ್ನಡ ನುಡಿ ಅಂದ, ಕನ್ನಡ ತಾಯಿಗೆ ವಂದನೆ. ಅವು ಒಳ್ಳೆಯ ಹಾಡುಗಳೇ, ನಮ್ಮ ತಕರಾರಿಲ್ಲ. ಆದರೆ ಅದೇ ಮಕ್ಕಳು ವೇದಿಕೆಯಿಂದ ಇಳಿದು ಸಾಲಾಗಿ ಮನೆಗೆ ಹೊರಟಾಗ ಗುನುಗುವುದು ಏನನ್ನು? ತಮಿಳು ಹಾಡನ್ನು. ಅದರಲ್ಲಿ ತಪ್ಪೂ ಇಲ್ಲ. ಪ್ರಶ್ನೆ ಬೇರೆಯೇ ಇದೆ. ನಮ್ಮ ಮಕ್ಕಳ ಬಳಿ ಕನ್ನಡದ ಬಗ್ಗೆ ಹಾಡುಗಳಿವೆ, ಆದರೆ ಅವರ ಸ್ವಂತ ಬದುಕಿನ ಬಗ್ಗೆ ಕನ್ನಡದಲ್ಲಿ ಒಂದು ಹಾಡೂ ಇಲ್ಲ. ಈ ಕೊರತೆ ಸಣ್ಣದಲ್ಲ ಎಂಬುದು ನಮ್ಮ ಅಭಿಪ್ರಾಯ. ಅದನ್ನು ತುಂಬಿಕೊಳ್ಳುವ ದಾರಿಯನ್ನು, ನೀವು ನಕ್ಕರೂ ಸರಿಯೇ, ಪಂಕ್ ಎಂಬ ಗದ್ದಲದ ಸಂಗೀತದವರಿಂದ ಕಲಿಯಬಹುದು ಎಂದು ಹೇಳಲು ಹೊರಟಿದ್ದೇವೆ.

ಮೊದಲು ನಮ್ಮ ಸ್ಥಿತಿ ನೋಡೋಣ. ಸೇಲಂ, ಧರ್ಮಪುರಿ ಸೀಮೆಯ ಕನ್ನಡ ಹೊಸದೇನಲ್ಲ. ಧರ್ಮಪುರಿ 1965ರವರೆಗೆ ಸೇಲಂ ಜಿಲ್ಲೆಯೊಳಗೇ ಇತ್ತು. ಹೊಸೂರು, ತಳಿ, ಡೆಂಕಣಿಕೋಟೆಯ ಕಡೆ 2004ರಲ್ಲಿ ಕೃಷ್ಣಗಿರಿ ಜಿಲ್ಲೆಯಾಗಿ ಬೇರೆಯಾಯಿತು. ಗೆರೆಗಳು ಎಷ್ಟು ಬದಲಾದರೂ ಮನೆಯ ಮಾತು ಬದಲಾಗಲಿಲ್ಲ. 2006ರ ತಮಿಳು ಕಲಿಕಾ ಕಾಯ್ದೆ ಬಂದ ಮೇಲೆ ಒಂದನೇ ತರಗತಿಯಿಂದ ಆರಂಭಿಸಿ ವರ್ಷಕ್ಕೊಂದು ತರಗತಿಯಂತೆ ತಮಿಳು ಕಡ್ಡಾಯವಾಗುತ್ತಾ, 2015-16ಕ್ಕೆ ಹತ್ತನೇ ತರಗತಿಯನ್ನು ಮುಟ್ಟಿತು. ಅದರ ಸರಿತಪ್ಪನ್ನು ಇಲ್ಲಿ ಚರ್ಚಿಸುವುದಿಲ್ಲ. ತಮಿಳು ಈ ಮಕ್ಕಳಿಗೆ ಬೇಕು, ಬಸ್ಸಿಗೂ ಬೇಕು, ಕೆಲಸಕ್ಕೂ ಬೇಕು. ಆದರೆ ಫಲಿತಾಂಶ ಗಮನಿಸಿ. ಅಂಗಡಿ ತಮಿಳಿನದು, ಸಿನಿಮಾ ತಮಿಳಿನದು, ಗೆಳೆತನದ ಚೇಷ್ಟೆ ತಮಿಳಿನದು. ಕನ್ನಡಕ್ಕೆ ಉಳಿದದ್ದು ಎರಡು ಜಾಗ, ಒಂದು ಅಜ್ಜಿಯ ಮಗ್ಗುಲು, ಇನ್ನೊಂದು ಪಠ್ಯಪುಸ್ತಕ. ಹದಿಮೂರು ಹದಿನಾಲ್ಕರ ಹುಡುಗ ಹುಡುಗಿಯರು ಈ ಎರಡರಿಂದಲೂ ಓಡಿಹೋಗುವ ವಯಸ್ಸಿನವರು! ಅವರು ಸಿಟ್ಟಾಗಲು, ಗೇಲಿ ಮಾಡಲು, ಯಾರನ್ನೋ ಮೆಚ್ಚಿಕೊಳ್ಳಲು ಕನ್ನಡ ಒದಗದಿದ್ದರೆ ಹತ್ತನೇ ತರಗತಿ ದಾಟಿದ ಮೇಲೆ ಅದನ್ನು ಏತಕ್ಕೆ ಇಟ್ಟುಕೊಂಡಾರು?

ಈಗ ಆ ಗದ್ದಲದವರ ಕಡೆ ಬರೋಣ. ಪಂಕ್ ಎಂದರೆ ಬಣ್ಣದ ಕೂದಲು, ಹರಿದ ಅಂಗಿ ಎಂದಷ್ಟೇ ಹಲವರಿಗೆ ಗೊತ್ತು. ಅದರ ನಿಜವಾದ ಗುಟ್ಟು ಸರಳತೆ. ಮೂರು ಸ್ವರಮೇಳ ಬಂದರೆ ಸಾಕು, ಎರಡು ನಿಮಿಷದ ಹಾಡು, ವೇಗವಾಗಿ ನುಡಿಸು, ನಿನ್ನ ಮಾತನ್ನೇ ಹಾಡು. ನ್ಯೂಯಾರ್ಕಿನ ರಾಮೋನ್ಸ್ ತಂಡದ ಮೊದಲ ಆಲ್ಬಂ 1976ರಲ್ಲಿ ಬಂತು. ಹದಿನಾಲ್ಕು ಹಾಡು, ಒಟ್ಟು ಅರ್ಧ ಗಂಟೆಯೂ ಇಲ್ಲ! ಪವರ್ ಪಾಪ್ ಎಂಬುದು ಇದರ ಹತ್ತಿರದ ನೆಂಟ. ಗಿಟಾರಿನ ಅದೇ ಜೋರು, ಆದರೆ ರಾಗ ಸಿಹಿ, ಒಮ್ಮೆ ಕೇಳಿದರೆ ನಾಲಿಗೆಗೆ ಅಂಟಿಕೊಳ್ಳುವಂಥದು. ಆ ಹೆಸರು ಕೊಟ್ಟವರು ದಿ ಹೂ ತಂಡದ ಪೀಟ್ ಟೌನ್ಶೆಂಡ್, 1967ರಲ್ಲಿ.

ನಮಗೆ ಮುಖ್ಯವಾದದ್ದು ಇವರ ಹಾಡುಗಳು ಹೊರಬರುವ ರೀತಿ. ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಬಜ್‌ಕಾಕ್ಸ್ ಎಂಬ ಹುಡುಗರು ಯಾವ ಕಂಪನಿಯ ಬಾಗಿಲನ್ನೂ ತಟ್ಟಲಿಲ್ಲ. 500 ಪೌಂಡು ಸಾಲ ಮಾಡಿ ನಾಲ್ಕು ಹಾಡುಗಳನ್ನು ಮುದ್ರಿಸಿಕೊಂಡು 1977ರ ಜನವರಿಯಲ್ಲಿ ತಾವೇ ಬಿಡುಗಡೆ ಮಾಡಿದರು. ಮೊದಲು ತೆಗೆಸಿದ್ದು 1000 ಪ್ರತಿ ಮಾತ್ರ. ಅದನ್ನು ನೋಡಿ ಊರೂರಿನ ಹುಡುಗರು "ಇಷ್ಟೇನಾ, ನಾವೂ ಮಾಡಬಹುದಲ್ಲ" ಅಂದುಕೊಂಡರು. ಪವರ್ ಪಾಪಿನ ಕಥೆ ಇನ್ನೊಂದು ಬಗೆಯದು. ಅಮೆರಿಕದ ಮೆಂಫಿಸ್ ನಗರದ ಬಿಗ್ ಸ್ಟಾರ್ ತಂಡ 1972ರಲ್ಲಿ ತನ್ನ ಮೊದಲ ಆಲ್ಬಂಗೆ "ನಂಬರ್ ಒನ್ ರೆಕಾರ್ಡ್" ಎಂದೇ ಹೆಸರಿಟ್ಟಿತು. ಕಂಪನಿ ಅಂಗಡಿಗಳಿಗೆ ಸರಿಯಾಗಿ ತಲುಪಿಸಲಿಲ್ಲ, ಆಗ ಕೊಂಡವರು ಬೆರಳೆಣಿಕೆಯ ಸಾವಿರ ಮಂದಿ. ಆದರೆ ಕೇಳಿದ ಆ ಕೆಲವರೇ ಮುಂದೆ ತಂಡ ಕಟ್ಟಿದರು, ಆ ಆಲ್ಬಂ ಇಂದಿಗೂ ಕೇಳಿಸುತ್ತಿದೆ. ದೊಡ್ಡ ಕಂಪನಿ ಕೈಬಿಟ್ಟರೂ ಒಂದು ಹಾಡು ಕಿವಿಯಿಂದ ಕಿವಿಗೆ ದಾಟಿ ಬದುಕಬಲ್ಲದು. ಈಗಂತೂ ಕಂಪನಿಯೂ ಬೇಡ, ಸಾಲವೂ ಬೇಡ. 2008ರಲ್ಲಿ ಶುರುವಾದ ಬ್ಯಾಂಡ್‌ಕ್ಯಾಂಪ್‌ನಂಥ ತಾಣಗಳಲ್ಲಿ ತಂಡಗಳು ತಮ್ಮ ಹೊಸ ಹಾಡನ್ನು ತಾವೇ ಇಟ್ಟು ತಾವೇ ಮಾರುತ್ತವೆ. ಇಂಥ ಭೂಗತ ತಂಡಗಳ ಹೊಸ ಬಿಡುಗಡೆಗಳು ಜಗತ್ತಿನಲ್ಲಿ ವಾರ ವಾರವೂ ಬರುತ್ತಲೇ ಇರುತ್ತವೆ.

"ಇದೆಲ್ಲ ಪರದೇಶದವರ ಹುಚ್ಚು, ನಮಗೇಕೆ ಮೇಷ್ಟ್ರೇ?" ಎನ್ನುವಿರಾ? ಸ್ವಲ್ಪ ತಾಳಿ. ರಾಮೋನ್ಸ್ ಆಲ್ಬಂ ಬರುವ ಒಂದು ವರ್ಷ ಮೊದಲು, 1975ರಲ್ಲಿ, ಕನ್ನಡದಲ್ಲಿ ಏನು ಬಂತು ನೆನಪಿಸಿಕೊಳ್ಳಿ. ಸಿದ್ಧಲಿಂಗಯ್ಯನವರ "ಹೊಲೆಮಾದಿಗರ ಹಾಡು"! ಅಲಂಕಾರ ಬಿಟ್ಟ ಮಾತು, ನೇರ ಸಿಟ್ಟು, ಬೀದಿಯಲ್ಲಿ ನಿಂತು ತಮಟೆ ಬಡಿದು ಹಾಡಬಹುದಾದ ಲಯ. ಅದೇ ವರ್ಷ ಸಮುದಾಯ ತಂಡ ಹುಟ್ಟಿತು, 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಬಂತು. ಗಿಟಾರ್ ಇರಲಿಲ್ಲ, ಪಂಕ್ ಎಂಬ ಹೆಸರೂ ಇರಲಿಲ್ಲ, ಆದರೆ ಕೆಲಸ ಅದೇ. ಇನ್ನೂ ಹಿಂದೆ ಹೋದರೆ ನಮ್ಮ ಪಕ್ಕದಲ್ಲೇ ಇದೆ. ಮೇಟೂರಿನಿಂದ ಕೊಳತ್ತೂರು, ಪಾಲಾರ್ ದಾಟಿ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ಭಕ್ತರು ಕೇಳುವ ಕಂಸಾಳೆ ಪದಗಳನ್ನು ಕಟ್ಟಿದವರು ಯಾವ ಸಂಗೀತ ಶಾಲೆಯಲ್ಲಿ ಕಲಿತಿದ್ದರು? ತಾಳವೇ ಜೀವ, ಗಂಟಲೇ ಬಂಡವಾಳ. ಗಾಜನೂರನ್ನೂ ಮರೆಯಬಾರದು. ಕನ್ನಡಿಗರು ತಲೆಯ ಮೇಲೆ ಹೊತ್ತ ಡಾ. ರಾಜಕುಮಾರರ ಊರು ಇರುವುದು ತಮಿಳುನಾಡಿನ ತಾಳವಾಡಿಯ ಬಳಿ. ಕನ್ನಡದ ದನಿ ಬೆಂಗಳೂರಿನಿಂದಲೇ ಬರಬೇಕೆಂಬ ನಿಯಮ ಯಾವತ್ತೂ ಇರಲಿಲ್ಲ.

ನಮ್ಮಂತೆಯೇ ದೊಡ್ಡ ಭಾಷೆಯ ಮಗ್ಗುಲಲ್ಲಿ ಬದುಕುವವರು ವೇಲ್ಸಿನ ಜನ. ಅಲ್ಲಿಯೂ ವೆಲ್ಷ್ ಭಾಷೆ ಎಂದರೆ ಶಾಲೆ, ಚರ್ಚು, ಹಬ್ಬದ ಗೀತೆ ಎಂಬಂತಾಗಿತ್ತು. 1982ರಲ್ಲಿ ಕಾರ್ಡಿಗನ್ ಎಂಬ ಪುಟ್ಟ ಪಟ್ಟಣದಲ್ಲಿ ಶಾಲಾ ಹುಡುಗರು ದತ್‌ಬ್ಲಗಿ ಎಂಬ ತಂಡ ಕಟ್ಟಿ, ಕ್ಯಾಸೆಟ್ಟಿನಲ್ಲಿ ಹಾಡುಗಳನ್ನು ಹೊರಗೆ ಬಿಟ್ಟರು. ಅವರು ಭಾಷೆಯನ್ನು ಹೊಗಳಲಿಲ್ಲ. ಆ ಭಾಷೆಯಲ್ಲೇ ತಮ್ಮವರ ಬೂಟಾಟಿಕೆಯನ್ನು ಬೈದರು! ಬಿಬಿಸಿಯ ಜಾನ್ ಪೀಲ್ ಅವರ ಹಾಡುಗಳನ್ನು ಇಂಗ್ಲಿಷರ ಮನೆಮನೆಗೂ ಕೇಳಿಸಿದರು. ಮುಂದೆ 2000ದಲ್ಲಿ ಸೂಪರ್ ಫರಿ ಅನಿಮಲ್ಸ್ ತಂಡ ಪೂರ್ತಿ ವೆಲ್ಷ್‌ನಲ್ಲಿ "ಮುಂಗ್" ಎಂಬ ಆಲ್ಬಂ ಮಾಡಿ, ತನ್ನದೇ ಪುಟ್ಟ ಸಂಸ್ಥೆಯಿಂದ ಬಿಡುಗಡೆ ಮಾಡಿತು. ಅದು ಬ್ರಿಟನ್ನಿನ ಪಟ್ಟಿಯಲ್ಲಿ 11ನೇ ಸ್ಥಾನಕ್ಕೆ ಏರಿತು. ಹೊಗಳಿಸಿಕೊಳ್ಳುವ ಭಾಷೆ ಗೋಡೆಯ ಮೇಲಿನ ಫೋಟೋ ಆಗುತ್ತದೆ. ಜಗಳಕ್ಕೂ ಬಳಕೆಯಾಗುವ ಭಾಷೆ ಮನೆಯ ಸದಸ್ಯನಾಗಿ ಉಳಿಯುತ್ತದೆ.

ಇನ್ನು ನಮ್ಮ ಸುತ್ತಮುತ್ತ ನೋಡಿ. ಚೆನ್ನೈಯಲ್ಲಿ 2018ರ ಜನವರಿಯಲ್ಲಿ ದಿ ಕಾಸ್ಟ್‌ಲೆಸ್ ಕಲೆಕ್ಟಿವ್ ತಂಡ ವೇದಿಕೆ ಹತ್ತಿತು. ನಿರ್ದೇಶಕ ಪಾ. ರಂಜಿತ್ ಮತ್ತು ಸಂಗೀತಗಾರ ತೆನ್ಮಾ ಸೇರಿ ಕಟ್ಟಿದ ತಂಡ ಅದು. ಗಾನಾ, ಪರೈ, ರಾಕ್, ರ‍್ಯಾಪ್ ಎಲ್ಲ ಒಟ್ಟಿಗೆ, ಜಾತಿಯ ವಿರುದ್ಧ. ಆ ತಂಡದ ಅರಿವು ಎಂಬ ಯುವಕ 2019ರಲ್ಲಿ ಓಫ್ರೋ ಜೊತೆ ತಂದ ಆಲ್ಬಂ ಹೆಸರು "ತೆರುಕ್ಕುರಲ್", ಅಂದರೆ ಬೀದಿಯ ದನಿ. ತಿರುಕ್ಕುರಳ್ ಪಾಠ ಮಾಡುವ ಊರಿನಲ್ಲಿ ಎಂಥ ಚುರುಕಾದ ಹೆಸರು! 2021ರಲ್ಲಿ ಅದೇ ಅರಿವು ಧೀ ಜೊತೆ ಹಾಡಿದ "ಎಂಜಾಯ್ ಎಂಜಾಮಿ" ನಮ್ಮ ಮಕ್ಕಳಿಗೆಲ್ಲ ಬಾಯಿಪಾಠ. ಅದರ ಹಿಂದೆ ಇರುವುದು ಅವನ ಅಜ್ಜಿಯ ಕಥೆ, ಶ್ರೀಲಂಕಾದ ಟೀ ತೋಟಗಳಲ್ಲಿ ದುಡಿದು ಬಂದವರ ಕಥೆ. ಅತ್ತ ಕೇರಳದಲ್ಲಿ ಅವಿಯಲ್ ತಂಡ 2008ರಲ್ಲೇ ಪೂರ್ತಿ ಮಲಯಾಳದ ರಾಕ್ ಆಲ್ಬಂ ತಂದಿತ್ತು.

ಕನ್ನಡದಲ್ಲೂ ಇಲ್ಲವೆಂದಲ್ಲ. 2008ರಲ್ಲಿ ರಘು ದೀಕ್ಷಿತ್ ಶಿಶುನಾಳ ಶರೀಫರ ಪದವನ್ನು ಗಿಟಾರಿನ ಜೊತೆ ಹಾಡಿ ಜಗತ್ತಿಗೆ ಕೇಳಿಸಿದರು. ಮೈಸೂರಿನಲ್ಲಿ ಹುಟ್ಟಿದ ಸ್ವರಾತ್ಮ ತಂಡ 2009ರ ಮೊದಲ ಆಲ್ಬಂನಲ್ಲಿ ಹಿಂದಿಯ ಜೊತೆ ಕನ್ನಡವನ್ನೂ ಹಾಡಿತು. ಕನ್ನಡ ರ‍್ಯಾಪ್ ಹುಡುಗರೂ ಬಂದಿದ್ದಾರೆ. ಆದರೂ ರಾಕ್ ನಗರಿ ಎನಿಸಿಕೊಂಡ ಬೆಂಗಳೂರಿನಲ್ಲಿ 1996ರಿಂದ ಇರುವ ಥರ್ಮಲ್ ಅಂಡ್ ಎ ಕ್ವಾರ್ಟರ್ ಆಗಲಿ, ಕ್ರಿಪ್ಟಾಸ್ ಆಗಲಿ ಹಾಡುವುದು ಇಂಗ್ಲಿಷಿನಲ್ಲಿ. ಒಳ್ಳೆಯ ತಂಡಗಳು, ಅವರಿಷ್ಟ ಅವರದು. ಬೆಂಗಳೂರು ಮಾಡಿಕೊಡಲಿ ಎಂದು ನಾವು ಕಾಯುತ್ತಾ ಕೂರಬಾರದು ಎಂಬುದಷ್ಟೇ ನಮ್ಮ ಮಾತು.

ಪೋಷಕರ ಆಕ್ಷೇಪಣೆಗಳು ನಮಗೆ ಗೊತ್ತಿವೆ. ಒಂದು, ಇದು ಬರೀ ಗಲಾಟೆ. ಹೌದು, ಗಲಾಟೆಯೇ. ಜಾತ್ರೆಯ ತಮಟೆಯೂ ಗಲಾಟೆಯೇ, ಅದಕ್ಕೆ ನಾವು ಕುಣಿಯುವುದಿಲ್ಲವೇ? ಎರಡು, ಕೆಟ್ಟ ಮಾತು ಕಲಿಯುತ್ತಾರೆ. ಪಂಕ್ ಹಾಡುಗಳಲ್ಲಿ ಕೆಟ್ಟ ಮಾತು ಇರುವುದು ನಿಜ, ಎಲ್ಲವನ್ನೂ ಮಕ್ಕಳಿಗೆ ಕೇಳಿಸಬೇಕಿಲ್ಲ. ಮೊದಲು ಶಿಕ್ಷಕರು ಕೇಳಿ, ಆರಿಸಿ ಕೊಡಲಿ. ಮೂರು, ಪರೀಕ್ಷೆಗೆ ತೊಂದರೆ. ವಾರಕ್ಕೆ ಒಂದು ಅವಧಿ, ಅದೂ ಎಂಟು ಒಂಬತ್ತನೇ ತರಗತಿಗೆ ಸಾಕು. ಪ್ರಾಸ ಹುಡುಕುವ ಮಗು ಪದಕೋಶ ತೆರೆಯುತ್ತದೆ, ಇದನ್ನು ಯಾವ ಕನ್ನಡ ಶಿಕ್ಷಕರೂ ಒಪ್ಪುತ್ತಾರೆ.

ನಾಲ್ಕನೆಯ ಆಕ್ಷೇಪಣೆ ನಮ್ಮವರಿಂದಲೇ, ಅಂದರೆ ಶಿಕ್ಷಕರಿಂದಲೇ ಬರುತ್ತದೆ. ಮಕ್ಕಳು ಬರೆಯುವುದು ಶುದ್ಧ ಕನ್ನಡ ಆಗಿರುವುದಿಲ್ಲವಲ್ಲ ಎಂದು. "ಅಪ್ಪುರಂ ಬರ್ತೀನಿ" ಎನ್ನುವ ಮಕ್ಕಳು ನಮ್ಮವರು. ಆ "ಅಪ್ಪುರಂ" ಅನ್ನು ಉತ್ತರ ಪತ್ರಿಕೆಯಲ್ಲಿ ತಿದ್ದೋಣ, ತಿದ್ದಲೇಬೇಕು. ಹಾಡಿನಲ್ಲಿ ಮಾತ್ರ ಹಾಗೇ ಬಿಡೋಣ. ಅದು ಈ ಮಣ್ಣಿನ ಕನ್ನಡ. ಮನೆಯಲ್ಲಿ ಆಡುವ ಮಾತನ್ನು ಶಾಲೆಯಲ್ಲಿ ತಪ್ಪು, ತಪ್ಪು ಎಂದು ಹೇಳುತ್ತಲೇ ಹೋದರೆ ಮಗು ತಿದ್ದಿಕೊಳ್ಳುವುದಿಲ್ಲ, ಬಾಯಿ ಮುಚ್ಚಿಕೊಳ್ಳುತ್ತದೆ. ಅಥವಾ ಯಾರೂ ತಿದ್ದದ ಭಾಷೆಗೆ ಹೊರಟುಹೋಗುತ್ತದೆ. ನಮ್ಮ ಕನ್ನಡ ಶಾಲೆಗಳ ಹಾಜರಿ ಪುಸ್ತಕ ತೆಳ್ಳಗಾಗುವುದಕ್ಕೆ ಕಾರಣ ಹಲವಿರಬಹುದು, ನಮ್ಮ ಕೈಯಲ್ಲಿರುವುದು ಇದೊಂದು.

ಹಾಡಲು ವಿಷಯಕ್ಕೆ ಬರವೇ? ಅಪ್ಪ ಕಟ್ಟಡದ ಕೆಲಸಕ್ಕೆ ಬೆಂಗಳೂರಿಗೆ ಹೋಗಿ ತಿಂಗಳಿಗೊಮ್ಮೆ ಬರುವುದು, ಅಕ್ಕ ತಿರುಪ್ಪೂರಿನ ಬನಿಯನ್ ಕಂಪನಿ ಸೇರಿದ್ದು, ನಿಲ್ಲಿಸದೆ ಹೋಗುವ ಟೌನ್ ಬಸ್ಸು, ರೇಷ್ಮೆ ಹುಳು, ಮಾವಿನ ಬೆಲೆ, ಕಾವೇರಿ ಗಲಾಟೆ ಎದ್ದಾಗ ಅಲ್ಲಿ ತಮಿಳರೆಂದೂ ಇಲ್ಲಿ ಕನ್ನಡದವರೆಂದೂ ಎರಡೂ ಕಡೆ ಅನ್ನಿಸಿಕೊಳ್ಳುವುದು. ಈ ಕೊನೆಯದರ ಮೇಲೆ ಗಡಿನಾಡ ಮಗುವಲ್ಲದೆ ಇನ್ಯಾರು ಹಾಡು ಕಟ್ಟಬಲ್ಲರು ಹೇಳಿ!

ನಮ್ಮ ಸಲಹೆ ಇಷ್ಟೇ. ಪ್ರತಿ ಕನ್ನಡ ಶಾಲೆಯೂ ವರ್ಷಕ್ಕೆ ಒಂದು ಹೊಸ ಹಾಡು "ಬಿಡುಗಡೆ" ಮಾಡಲಿ. ಸಿನಿಮಾ ರಾಗ ಕದಿಯುವುದು ಬೇಡ, ಮೂರು ಸ್ವರ ಸಾಕು. ತಮಟೆ, ಹಾರ್ಮೋನಿಯಂ, ಯಾರದೋ ಮನೆಯ ಹಳೆ ಗಿಟಾರ್, ಏನೂ ಇಲ್ಲದಿದ್ದರೆ ಬೆಂಚು ಬಡಿದರಾಯಿತು. ಒಂದು ಮೊಬೈಲಿನಲ್ಲಿ ಧ್ವನಿಮುದ್ರಣ ಮಾಡಿ. ಮಕ್ಕಳ ಮುಖ, ಹೆಸರು ಹೊರಗೆ ಹಾಕುವುದು ಬೇಡ, ಧ್ವನಿ ಸಾಕು, ಅದೂ ಪೋಷಕರ ಒಪ್ಪಿಗೆಯಿಂದ. ಹೊಸೂರಿನ ಹಾಡನ್ನು ಮೇಟೂರಿನ ಮಕ್ಕಳು ಕೇಳಲಿ, ಮೇಟೂರಿನದನ್ನು ತಾಳವಾಡಿಯವರು, ತಾಳವಾಡಿಯದನ್ನು ಕಾಸರಗೋಡಿನವರು. ಮುಂದಿನ ವಾರ್ಷಿಕೋತ್ಸವದಲ್ಲಿ ನಾಡಗೀತೆ ಮುಗಿದ ಮೇಲೆ ಮಕ್ಕಳ ಸ್ವಂತ ಹಾಡಿಗೆ ಮೂರು ನಿಮಿಷ ಕೊಡಿ. ಅದರಲ್ಲಿ ನಮ್ಮನ್ನೇ, ಅಂದರೆ ಮೇಷ್ಟ್ರುಗಳನ್ನೇ ಗೇಲಿ ಮಾಡಿದ್ದರೂ ಸುಮ್ಮನೆ ಕೂತು ಕೇಳೋಣ. ಕನ್ನಡದಲ್ಲಿ ತಾನೇ ಗೇಲಿ ಮಾಡಿದ್ದು!

ಏನಂತೀರಿ?